ಜಾಡು ಹಿಡಿಯೋ ನಾಯಿ: ಕಲಿಸೋದು ಹೇಗೆ, ಕಲಿಸೋದು ಯಾತಕ್ಕೆ



ಕಡಬಗೆರೆ ಕ್ರಾಸ್‌ನಿಂದ ಹಿಡಿದು ತಾವರೆಕೆರೆವರೆಗೆ ಎಷ್ಟೋ ಜನ ಒಂದೇ ಪ್ರಶ್ನೆ ಕೇಳ್ತಾ ಇದ್ದಾರೆ. "ನಿಮ್ಮ ಕೆಂಚನಿಗೆ ಜಾಡು ಹಿಡಿಯೋದು ಹೇಗೆ ಕಲಿಸಿದ್ರಿ?" ಒಬ್ಬೊಬ್ಬರಿಗೆ ಫೋನಲ್ಲಿ ಹೇಳೋದಕ್ಕಿಂತ ಒಂದೇ ಸಲ ಉದ್ದಕ್ಕೆ ಬರೆದುಬಿಡ್ತೀನಿ. ಸ್ವಲ್ಪ ದೊಡ್ಡದಾಗುತ್ತೆ. ಸಂಜೆ ಡೈರಿಗೆ ಹಾಲು ಹಾಕಿ ಬಂದ ಮೇಲೆ ನಿಧಾನವಾಗಿ ಓದಿ.

ಮೊದಲೇ ಒಂದು ಮಾತು. ಈ ವಿದ್ಯೆ ಬೆಳೆದಿದ್ದು ಬೇಟೆಗಾರರ ಕೈಯಲ್ಲಿ. ಗುಂಡೇಟು ತಿಂದು ಓಡಿಹೋದ ಜಿಂಕೆಯನ್ನ ಹುಡುಕೋಕೆ ಅಂತಲೇ ಜರ್ಮನಿ ಕಡೆ ಬೇರೆ ನಾಯಿ ತಳಿಗಳನ್ನೇ ಮಾಡಿದ್ದಾರೆ. ಹ್ಯಾನೋವರ್ ಹೌಂಡ್, ಬವೇರಿಯನ್ ಮೌಂಟನ್ ಹೌಂಡ್ ಅಂತ. ನಮ್ಮ ಬೆಂಗಳೂರಲ್ಲಿ ಸೋಫಾ ಮೇಲೆ ಮಲಗಿರುತ್ತಲ್ಲ ಗಿಡ್ಡ ಕಾಲಿನ ಡ್ಯಾಶ್‌ಹಂಡ್, ಅದೂ ಅಲ್ಲಿ ಇದೇ ಕೆಲಸ ಮಾಡುತ್ತೆ. ಗಾಯಗೊಂಡ ಪ್ರಾಣಿಯನ್ನ ಕಾಡಲ್ಲಿ ನರಳೋಕೆ ಬಿಡಬಾರದು, ಹುಡುಕಿ ಸಂಕಟ ತಪ್ಪಿಸಬೇಕು ಅನ್ನೋದು ಅಲ್ಲಿ ಕಾನೂನು. ಅಮೆರಿಕದ ಹಲವು ರಾಜ್ಯಗಳಲ್ಲಂತೂ ಜಿಂಕೆ ಬೇಟೆಗೆ ನಾಯಿ ಬಿಡೋದೇ ನಿಷೇಧ. ಆದರೆ ಗಾಯಗೊಂಡ ಜಿಂಕೆ ಹುಡುಕೋಕೆ, ಹಗ್ಗ ಕಟ್ಟಿದ ನಾಯಿಗೆ ಅವಕಾಶ ಕೊಟ್ಟಿರೋ ರಾಜ್ಯಗಳು ಬೇಕಾದಷ್ಟಿವೆ. ಈ ವ್ಯತ್ಯಾಸ ಗಮನದಲ್ಲಿಟ್ಟುಕೊಳ್ಳಿ. ನಾಯಿ ಬಿಟ್ಟು ಅಟ್ಟಿಸೋದು ಒಂದು ಕೆಲಸ, ಹಗ್ಗ ಹಿಡಿದು ಹುಡುಕೋದು ಬೇರೆ ಕೆಲಸ. ನಾನು ಬರೀತಿರೋದು ಎರಡನೇದರ ಬಗ್ಗೆ.

ನಮ್ಮಲ್ಲಿ ಬೇಟೆಯೇ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಆ ಬಾಗಿಲು ಮುಚ್ಚಿತು. ಬೇಟೆ ಅಂದ್ರೆ ಕೋವಿ ಹಿಡಿಯೋದು ಮಾತ್ರ ಅಂತ ಬಹಳ ಜನ ತಿಳ್ಕೊಂಡಿದ್ದಾರೆ. ಕಾಯ್ದೆಯಲ್ಲಿ ಹಾಗಿಲ್ಲ. ಉರುಳು ಹಾಕೋದು, ಬಲೆ ಒಡ್ಡೋದು, ವಿಷ ಇಡೋದು, ನಾಯಿ ಬಿಟ್ಟು ಅಟ್ಟಿಸೋದು, ಇವೆಲ್ಲವೂ ಬೇಟೆಯೇ. ಮಾಡೋಕೆ ಪ್ರಯತ್ನಪಟ್ಟರೂ ಬೇಟೆಯೇ.

ಹಾಗಾದ್ರೆ ಬೇಟೆ ಇಲ್ಲದ ಕಡೆ ಈ ವಿದ್ಯೆ ಯಾತಕ್ಕಪ್ಪಾ ಅಂತ ಕೇಳ್ತೀರಿ. ಬೇಟೆ ನಿಂತಿದೆ, ಗಾಯ ನಿಂತಿಲ್ಲ. ಅದಕ್ಕೆ.

ನಮ್ಮ ಮಾಗಡಿ ರಸ್ತೆಯ ಊರುಗಳ ಹೆಸರು ಒಂದ್ಸಲ ಬಾಯಲ್ಲಿ ಹೇಳ್ಕೊಳ್ಳಿ. ಸುಂಕದಕಟ್ಟೆ, ಶ್ರೀಗಂಧದ ಕಾವಲು, ಬ್ಯಾಡರಹಳ್ಳಿ, ಗೊಲ್ಲರಹಟ್ಟಿ. ಸುಂಕ ಕಟ್ಟೋ ಕಟ್ಟೆ, ಗಂಧದ ಮರದ ಕಾವಲು, ಬೇಡರ ಹಳ್ಳಿ, ಗೊಲ್ಲರ ಹಟ್ಟಿ. ನಾಲ್ಕೈದು ಕಿಲೋಮೀಟರ್ ಒಳಗೆ ಕಾಡು, ಬೇಟೆ, ಕುರಿ, ವ್ಯಾಪಾರ ಎಲ್ಲಾ ಬಂದುಬಿಡ್ತು. ಈಗ ಸುಂಕದಕಟ್ಟೆಯಲ್ಲಿ ಗಾರ್ಮೆಂಟ್ಸು, ಬಾಡಿಗೆ ಮನೆ, ಟ್ರಾಫಿಕ್ಕು. ನಮ್ಮ ಮನೆ ಇನ್ನೂ ಅಲ್ಲೇ ಇದೆ. ಹೊಲ ಮಾತ್ರ ಕಡಬಗೆರೆ ಕ್ರಾಸ್ ದಾಟಿ ಒಳಗೆ, ಎರಡು ಎಕರೆ. ರಾಗಿ, ಅವರೆ, ಒಂದಿಷ್ಟು ಗೆಣಸು, ಹದಿನಾರು ಕುರಿ, ಎರಡು ಹಸು. ಆಚೆ ಕಡೆ ಲೇಔಟ್ ಕಲ್ಲು ನೆಟ್ಟಿದ್ದಾರೆ, ಈಚೆ ಕಡೆ ಲಂಟಾನ ಬೆಳೆದಿದೆ. ಆ ಎರಡರ ನಡುವೆ ಬದುಕೋ ಪ್ರಾಣಿಗಳಿಗೆ ಏನೇನು ಗಾಯ ಆಗುತ್ತೆ ಅಂತ ನಿಮಗೆ ಹೇಳಬೇಕಾಗಿಲ್ಲ. ಬೈಕಿನ ಕ್ಲಚ್ ವೈರಿನ ಉರುಳು, ರಾತ್ರಿ ಹೊತ್ತಿನ ಟಿಪ್ಪರ್ ಲಾರಿ, ಖಾಲಿ ಸೈಟಲ್ಲಿ ಸುರಿದ ಕೋಳಿ ತ್ಯಾಜ್ಯ ತಿಂದು ಕೊಬ್ಬಿದ ಬೀದಿನಾಯಿ ಹಿಂಡು. ಕುರಿ ಆಗಲಿ, ಕರು ಆಗಲಿ, ಜಿಂಕೆ ಆಗಲಿ, ಏಟು ತಿಂದ ಪ್ರಾಣಿ ನಮ್ಮ ಕಣ್ಣೆದುರು ಬೀಳೋದಿಲ್ಲ. ಓಡಿಹೋಗಿ ಎಲ್ಲೋ ಪೊದೆಯಲ್ಲಿ ಮಲಗುತ್ತೆ. ಮೂರನೇ ದಿನ ಹದ್ದು ಸುತ್ತೋದು ನೋಡಿ ನಮಗೆ ಗೊತ್ತಾಗುತ್ತೆ.

ಮೂಗಿನ ವಿಚಾರ

ಮನುಷ್ಯನ ಮೂಗಲ್ಲಿ ವಾಸನೆ ಹಿಡಿಯೋ ಜೀವಕೋಶಗಳು ಸುಮಾರು 50-60 ಲಕ್ಷ. ನಾಯಿಗೆ 20 ಕೋಟಿಗೂ ಮೇಲೆ. ನಾಯಿ ಮೂಗಿನ ಪಕ್ಕದಲ್ಲಿ ಒಂದು ಸೀಳಿದೆ, ನೋಡಿದ್ದೀರಾ? ಉಸಿರು ಬಿಡುವಾಗ ಗಾಳಿ ಆ ಸೀಳಿನಿಂದ ಪಕ್ಕಕ್ಕೆ ಹೋಗುತ್ತೆ. ಅದರಿಂದ ನೆಲದ ಮೇಲಿನ ವಾಸನೆ ಚೆದುರೋದಿಲ್ಲ, ಒಳಗೆ ಬರೋ ವಾಸನೆಗೆ ಅಡ್ಡಿಯಾಗೋದಿಲ್ಲ.

ನಾಯಿ ರಕ್ತದ ವಾಸನೆ ಹಿಡಿದು ಹೋಗುತ್ತೆ ಅಂತ ನಾವು ಅಂದ್ಕೊಂಡಿದ್ದೀವಿ. ಅದು ಅರ್ಧ ಮಾತ್ರ ನಿಜ. ರಕ್ತ ನಾಲ್ಕು ಹೆಜ್ಜೆ ಬಿದ್ದು ನಿಂತುಹೋಗಬಹುದು. ಗಾಯದ ಬಾಯಿ ಕೂದಲಿನಿಂದ, ಕೊಬ್ಬಿನಿಂದ ಮುಚ್ಚಿಹೋಗುತ್ತೆ. ನಾಯಿ ಮುಖ್ಯವಾಗಿ ಹಿಡಿಯೋದು ಕಾಲಿನ ವಾಸನೆ. ಜಿಂಕೆ, ಕುರಿ ಇಂಥವುಗಳ ಗೊರಸಿನ ಸೀಳಿನ ಒಳಗೆ ಸಣ್ಣ ಗ್ರಂಥಿ ಇರುತ್ತೆ. ಕುರಿಗೆ ನಾಲ್ಕು ಕಾಲಲ್ಲೂ ಇದೆ. ಗೊರಸು ಬಿಡಿಸಿ ನೋಡಿ, ಮುಂದುಗಡೆ ಒಂದು ಸಣ್ಣ ರಂಧ್ರ ಕಾಣುತ್ತೆ, ಒತ್ತಿದ್ರೆ ಮೇಣದಂಥದ್ದು ಬರುತ್ತೆ. ಪ್ರಾಣಿ ಹೆಜ್ಜೆ ಇಟ್ಟ ಕಡೆಯೆಲ್ಲ ಅದರ ಗುರುತು ಉಳಿಯುತ್ತೆ. ಜೊತೆಗೆ ತುಳಿದ ಹುಲ್ಲಿನ ವಾಸನೆ, ಕೆದರಿದ ಮಣ್ಣಿನ ವಾಸನೆ. ಇದೆಲ್ಲ ಸೇರಿದ್ದೇ ಜಾಡು. ಇಡೀ ಹಿಂಡು ನಡೆದ ದಾರಿಯಲ್ಲಿ ಆ ಒಂದು ಪ್ರಾಣಿಯ ಜಾಡು ಬಿಡದೆ ಹೋಗೋದನ್ನ ನಾಯಿಗೆ ಕಲಿಸಬೇಕು.

ಯಾವ ನಾಯಿ ಆಗುತ್ತೆ?

"ಮುಧೋಳ ತರ್ತೀನಿ" ಅಂತ ಇಬ್ಬರು ಹೇಳಿದ್ರು. ಮುಧೋಳ ನಾಯಿ ನಮ್ಮ ನಾಡಿನ ಹೆಮ್ಮೆ, ಅದರಲ್ಲಿ ಎರಡು ಮಾತಿಲ್ಲ. 2005ರಲ್ಲಿ ಅಂಚೆ ಇಲಾಖೆ ಅದರ ಚಿತ್ರದ ಸ್ಟಾಂಪ್ ತಂದಿತ್ತು. ಬಾಗಲಕೋಟೆ ಜಿಲ್ಲೆಯ ತಿಮ್ಮಾಪುರದಲ್ಲಿ ಅದಕ್ಕೇ ಅಂತ ಸಂಶೋಧನಾ ಕೇಂದ್ರ ಇದೆ. ಆದರೆ ಅದು ಮೊದಲಿಂದಲೂ ಕಣ್ಣಲ್ಲಿ ನೋಡಿ, ಕಾಲಲ್ಲಿ ಓಡಿ ಹಿಡಿಯೋ ನಾಯಿ. ಬಯಲಲ್ಲಿ ಮೊಲ ಎದ್ದರೆ ಬಾಣದ ಹಾಗೆ ಹೋಗುತ್ತೆ. ರಾತ್ರಿಯೆಲ್ಲ ಕಳೆದ ಹಳೇ ಜಾಡನ್ನ ಮೂಗು ನೆಲಕ್ಕೆ ಹಚ್ಚಿ ಹೆಜ್ಜೆ ಹೆಜ್ಜೆ ಬಿಡಿಸೋದು ಬೇರೆ ಗುಣ. ತಾಳ್ಮೆ ಬೇಕು.

ಕೆಂಚ ನಾಟಿ ನಾಯಿ. ಅವನ ತಾಯಿ ಕುರಿ ರೊಪ್ಪ ಕಾಯೋಳು. ಐದು ಮರಿಯಲ್ಲಿ ಇವನನ್ನ ಆರಿಸಿದ್ದಕ್ಕೆ ಕಾರಣ ಇದು. ಬಾಡಿನ ಚೂರನ್ನ ಹುಲ್ಲಲ್ಲಿ ಬಚ್ಚಿಟ್ಟರೆ ಉಳಿದ ನಾಲ್ಕು ಎರಡು ನಿಮಿಷ ಹುಡುಕಿ ಆಟಕ್ಕೆ ಹೋದವು. ಇವನು ಸಿಗೋವರೆಗೂ ಬಿಡಲಿಲ್ಲ. ನೀವೂ ಹಾಗೇ ನೋಡಿ ಆರಿಸಿ. ತಳಿಗೆ ಹತ್ತಿಪ್ಪತ್ತು ಸಾವಿರ ಸುರಿಯೋ ಅಗತ್ಯ ಇಲ್ಲ. ಕಚ್ಚೋ ನಾಯಿ, ಕುರಿ ಕಂಡ್ರೆ ಅಟ್ಟಿಸೋ ನಾಯಿ ಬೇಡವೇ ಬೇಡ.

ಕಲಿಸಿದ ಕ್ರಮ

ಮೂರನೇ ತಿಂಗಳಿಗೆ ಶುರು ಮಾಡಿದೆ. ಕುರಿ ಚರ್ಮದ ಒಂದು ತುಂಡಿಗೆ ಹಗ್ಗ ಕಟ್ಟಿ ಹುಲ್ಲಿನ ಮೇಲೆ ಮೂವತ್ತು ಹೆಜ್ಜೆ ನೇರ ಎಳೆದು, ಕೊನೆಯಲ್ಲಿ ಚರ್ಮ ಬಿಟ್ಟು ಅದರ ಮೇಲೆ ಎರಡು ಚೂರು ಈಲಿ ಇಟ್ಟೆ. ಮರಿಯನ್ನ ತಂದು ಶುರುವಿನ ಜಾಗ ಮೂಸಿಸಿ "ಹುಡುಕು" ಅಂದೆ. ಆ ಒಂದೇ ಮಾತು, ದಿನಾ ಅದೇ ಮಾತು. ಹತ್ತು ದಿನದಲ್ಲಿ ಆಟ ಅರ್ಥವಾಯಿತು. ದಿನಕ್ಕೆ ಒಂದೇ ಸಲ ಮಾಡಿಸಿ. ಬೇಜಾರಾಗೋ ಮುಂಚೆ ನಿಲ್ಲಿಸಿ.

ಐದನೇ ತಿಂಗಳಿಗೆ ಎಳೆಯೋದು ಬಿಟ್ಟು ಹೆಜ್ಜೆ ಹಾಕೋದು. ಜರ್ಮನಿಯಲ್ಲಿ ಇದಕ್ಕೇ ಅಂತ ಒಂದು ಬೂಟು ಮಾಡ್ತಾರೆ, ಅಡಿಯಲ್ಲಿ ಜಿಂಕೆ ಗೊರಸು ಕಟ್ಟಿ ನಡೀತಾರೆ. ನಾನು ಹಳೇ ಟೈರ್ ಚಪ್ಪಲಿ ಕೆಳಗೆ ಮಟನ್ ಅಂಗಡಿಯ ಕುರಿ ಕಾಲು ಕಟ್ಟಿಕೊಂಡೆ. ನಡೆಯುವಾಗ ನೋಡಿದೋರು ನಕ್ಕರು, ನಗಲಿ. ಜೊತೆಗೆ ಒಂದು ಬಾಟಲಿ ಕುರಿ ರಕ್ತ, ಮುಚ್ಚಳಕ್ಕೆ ತೂತು ಮಾಡಿ ಅಲ್ಲಲ್ಲಿ ಒಂದೆರಡು ಹನಿ. ಹೆಪ್ಪುಗಟ್ಟದ ಹಾಗೆ ಸ್ವಲ್ಪ ಉಪ್ಪು ಹಾಕಿ ಕಲಕಿ ಇಡಬೇಕು. ನಮ್ಮ ಮನೆಯವಳು ಫ್ರಿಜ್ಜಲ್ಲಿ ಇಡೋಕೆ ಬಿಡಲಿಲ್ಲ, ಹಾಗಾಗಿ ಅವತ್ತಿಂದು ಅವತ್ತೇ ತರ್ತಿದ್ದೆ. ರಕ್ತ ಜಾಸ್ತಿ ಸುರಿಯಬೇಡಿ. ಸುರಿದರೆ ನಾಯಿ ಸೋಮಾರಿಯಾಗುತ್ತೆ. ಜರ್ಮನಿಯ ದೊಡ್ಡ ಪರೀಕ್ಷೆಯಲ್ಲಿ 1000 ಮೀಟರ್ ಜಾಡಿಗೆ ಕೊಡೋದು ಬರೀ ಕಾಲು ಲೀಟರ್ ರಕ್ತ. ಅದೂ 20 ಗಂಟೆ, ಇಲ್ಲಾ 40 ಗಂಟೆ ಹಳೇದಾದ ಮೇಲೆ ನಾಯಿ ತಂದು ಬಿಡ್ತಾರೆ.

ಆಮೇಲೆ ತಿರುವು. ಮೊದಲು ಒಂದು, ಆಮೇಲೆ ಎರಡು, ಮೂರು. ತಿರುವಿನಲ್ಲಿ ನಾಯಿ ಮುಂದೆ ಹೋಗಿಬಿಡುತ್ತೆ, ವಾಸನೆ ಸಿಗದೆ ತಲೆ ಎತ್ತುತ್ತೆ. ಆಗ ನಾವು ಬಾಯಿ ಮುಚ್ಚಿಕೊಂಡು ನಿಂತಲ್ಲೇ ನಿಲ್ಲಬೇಕು. ಅದೇ ಸುತ್ತು ಹಾಕಿ ಹುಡುಕಿಕೊಳ್ಳುತ್ತೆ. ನಾವು ಹಗ್ಗ ಎಳೆದು ದಾರಿ ತೋರಿಸಿದರೆ ಅದು ಜಾಡು ಬಿಟ್ಟು ನಮ್ಮ ಕೈ ನೋಡೋಕೆ ಶುರು ಮಾಡುತ್ತೆ.

ಆಮೇಲೆ ವಯಸ್ಸು. ನಾಯಿ ವಯಸ್ಸಲ್ಲ, ಜಾಡಿನ ವಯಸ್ಸು. ಒಂದು ಗಂಟೆ ಬಿಟ್ಟು, ನಾಲ್ಕು ಗಂಟೆ ಬಿಟ್ಟು, ಕೊನೆಗೆ ಸಂಜೆ ಹಾಕಿದ ಜಾಡನ್ನ ಬೆಳಿಗ್ಗೆ. ರಾತ್ರಿ ಅದರ ಮೇಲೆ ಬೇರೆ ನಾಯಿ ಓಡಾಡಿರುತ್ತೆ, ಮುಂಗುಸಿ ದಾಟಿರುತ್ತೆ, ನಮ್ಮದೇ ಕುರಿ ತುಳಿದಿರುತ್ತೆ. ಅದೆಲ್ಲ ಬೇಕು. ಅಡ್ಡ ಜಾಡಿಗೆ ಹೋಗದೆ ತನ್ನ ಜಾಡಲ್ಲೇ ಇರೋದೇ ನಿಜವಾದ ಪಾಠ.

ಕೊನೆಯ ಪಾಠ ನಾಯಿಗಲ್ಲ, ನಮಗೆ. ಮಗನ ಕೈಲಿ ಜಾಡು ಹಾಕಿಸಿ, ನನಗೂ ಗೊತ್ತಿಲ್ಲದ ಹಾಗೆ ಇರಿಸಿ, ನಾಯಿ ಹಿಂದೆ ಹೋದೆ. ಅವನು ಮಾತ್ರ ಗಿಡಕ್ಕೆ ಬಟ್ಟೆ ಚೂರು ಕಟ್ಟಿ ಗುರುತು ಇಟ್ಟಿದ್ದ. ಜಾಡು ಹಾಕಿದ್ದು ನಮಗೇ ಗೊತ್ತಿದ್ರೆ ನಾಯಿಗೆ ಗೊತ್ತಿಲ್ಲದ ಹಾಗೆ ದಾರಿ ಹೇಳಿಬಿಡ್ತೀವಿ. ಗೊತ್ತಿಲ್ಲದಾಗ ನಾಯಿಯನ್ನ ನಂಬಲೇಬೇಕು.

ಹಗ್ಗ ಹತ್ತು ಮೀಟರ್ ಇರಲಿ. ಕುತ್ತಿಗೆಗೆ ಕಟ್ಟಬೇಡಿ, ಉಸಿರು ಕಟ್ಟಿದ ನಾಯಿ ಮೂಸಲಾರದು. ಎದೆಗೆ ಬೆಲ್ಟು ಹಾಕಿ. ಆ ಬೆಲ್ಟು ಈ ಕೆಲಸಕ್ಕೆ ಮಾತ್ರ. ಅದನ್ನ ಕೈಗೆ ತಗೊಂಡ್ರೆ ಕೆಂಚನ ನಡಿಗೆಯೇ ಬದಲಾಗುತ್ತೆ.

ಹೊತ್ತು ಮುಖ್ಯ. ಮಾಗಿ ಕಾಲದ ಬೆಳಿಗ್ಗೆ, ಇಬ್ಬನಿ ಇರುವಾಗ ಜಾಡು ಚೆನ್ನಾಗಿ ನಿಲ್ಲುತ್ತೆ. ಸಣ್ಣ ತುಂತುರು ಬಿದ್ದರೂ ತೊಂದರೆ ಇಲ್ಲ. ಜೋರು ಮಳೆ ತೊಳೆದುಬಿಡುತ್ತೆ. ಶಿವರಾತ್ರಿ ಕಳೆದ ಮೇಲೆ ನಮ್ಮ ಕೆಂಪು ನೆಲ ಕಾದ ಹೆಂಚು. ಬೆಳಿಗ್ಗೆ ಒಂಬತ್ತರ ಮೇಲೆ ಹೋಗಿ ಪ್ರಯೋಜನ ಇಲ್ಲ.

ಕಾಯೋದು

ಬೇಟೆಗಾರರಿಂದ ನಾನು ಕಲಿತ ದೊಡ್ಡ ಮಾತು ಇದು. ಏಟು ತಿಂದ ಪ್ರಾಣಿ ಹಿಂದೆ ತಕ್ಷಣ ಓಡಬಾರದು. ಓಡಿದ್ರೆ ಹೆದರಿಕೆಯಲ್ಲಿ ಇನ್ನೂ ಒಂದು ಮೈಲಿ ಓಡಿ, ರಕ್ತ ಸುರಿಸಿಕೊಂಡು ಸಾಯುತ್ತೆ. ಬಿಟ್ಟರೆ ಹತ್ತಿರದಲ್ಲೇ ಮಲಗುತ್ತೆ. ಎದೆಗೆ ಬಿದ್ದ ಏಟಾದ್ರೆ ಅರ್ಧ ಗಂಟೆ, ಹೊಟ್ಟೆಗೆ ಬಿದ್ದಿದ್ರೆ ಎಂಟು-ಹತ್ತು ಗಂಟೆ ಕಾಯ್ತಾರೆ. ಅವರು ಕಾಯೋದು ಪ್ರಾಣಿ ಓಡದೆ ಮಲಗಿದಲ್ಲೇ ಸಾಯಲಿ ಅಂತ. ನಾವು ಉಳಿಸೋಕೆ ಹೋಗೋರು, ಅಷ್ಟು ಹೊತ್ತು ಕಾಯಬೇಕಿಲ್ಲ. ಆದರೆ ಹೊಯ್ಲಿಟ್ಟುಕೊಂಡು ಹತ್ತು ಜನ ದೊಣ್ಣೆ ಹಿಡಿದು ಅಟ್ಟೋದು ಮಾತ್ರ ಬೇಡ.

ಎರಡು ವರ್ಷದ ಹಿಂದೆ ಗಬ್ಬದ ಕುರಿ ಒಂದನ್ನ ಬೀದಿನಾಯಿ ಹಿಂಡು ಸಂಜೆ ಹೊತ್ತಲ್ಲಿ ಕಚ್ಚಿ ಅಟ್ಟಿಸಿಬಿಡ್ತು. ಕತ್ತಲಾಗಿತ್ತು, ಕುರಿ ಎಲ್ಲಿ ಹೋಯ್ತೋ ಗೊತ್ತಾಗಲಿಲ್ಲ. ಬೆಳಿಗ್ಗೆ ಆರಕ್ಕೆ ಕೆಂಚನಿಗೆ ಬೆಲ್ಟು ಕಟ್ಟಿದೆ. ಲೇಔಟಿನ ಕಲ್ಲು ದಾಟಿ, ಮಣ್ಣು ರಸ್ತೆ ದಾಟಿ, ಸುಮಾರು ಆರುನೂರು ಮೀಟರ್ ಹೋಗಿ, ಇನ್ನೂ ಮುಚ್ಚಳ ಹಾಕದ ಕಾಂಕ್ರೀಟ್ ಚರಂಡಿ ಮುಂದೆ ನಿಂತ. ಒಳಗೆ ಕುರಿ ಇತ್ತು, ಜೀವ ಇತ್ತು. ಪಶು ವೈದ್ಯರು ಹದಿನೊಂದು ಹೊಲಿಗೆ ಹಾಕಿದ್ರು. ಮೂರು ವಾರಕ್ಕೆ ಈಯ್ತು. ಹದಿನಾಲ್ಕು ಸಾವಿರದ ಕುರಿ, ಜೊತೆಗೆ ಮರಿ. ನಾಯಿಗೆ ಹಾಕಿದ ಹಿಟ್ಟಿನ ಮುದ್ದೆಯ ಲೆಕ್ಕ ಅವತ್ತೇ ಚುಕ್ತಾ ಆಯ್ತು.

ಜಿಂಕೆ

ಈಗ ಹೇಳೋದು ನಿಮ್ಮಲ್ಲಿ ಕೆಲವರಿಗೆ ಗೊತ್ತು. ತಿರುಚಿ ಹೇಳಿದೋರೂ ಇದ್ದಾರೆ. ಆದ್ದರಿಂದ ನಡೆದ ಹಾಗೇ ಬರೀತೀನಿ.

ಹೋದ ವರ್ಷ ಸ್ವಾತಿ ಮಳೆ ಮುಗಿದು ರಾಗಿ ತೆನೆ ಬಲಿತಿದ್ದ ಹೊತ್ತು. ಬೆಳಿಗ್ಗೆ ಬದುವಿನ ಮೇಲೆ ರಕ್ತ ಇತ್ತು, ಮೂರು ಕಾಲಿನ ಗೊರಸಿನ ಗುರುತು ಇತ್ತು. ನಾಲ್ಕನೇ ಕಾಲಿನ ಜಾಗದಲ್ಲಿ ಏನೋ ಎಳೆದ ಗೆರೆ. ಕುರಿ ಎಣಿಸಿದೆ, ಹದಿನಾರೂ ಇದ್ದವು. ಜಿಂಕೆ ಅಂತ ಗೊತ್ತಾಯ್ತು. ಅರಣ್ಯ ಇಲಾಖೆಗೆ ಫೋನ್ ಮಾಡಿದೆ. ಇಬ್ಬರು ಸಿಬ್ಬಂದಿ ಬಂದ್ರು. ಅವರನ್ನ ಮುಂದಿಟ್ಟುಕೊಂಡೇ ಕೆಂಚನನ್ನ ಹಗ್ಗದಲ್ಲಿ ಬಿಟ್ಟೆ. ಒಂದು ಕಿಲೋಮೀಟರಿಗೂ ಮೇಲೆ ಹೋಗಿ ಹಳೇ ಕಾಲುವೆ ಪಕ್ಕದ ಲಂಟಾನ ಪೊದೆ ಹತ್ತಿರ ಅವನು ನಿಂತು ಬಾಲ ಆಡಿಸೋದು ನಿಲ್ಲಿಸಿದ. ಒಳಗೆ ಹೆಣ್ಣು ಜಿಂಕೆ. ಹಿಂಗಾಲಿಗೆ ಕ್ಲಚ್ ವೈರು ಮೂಳೆವರೆಗೂ ಕೂತಿತ್ತು. ನಾವು ದೂರ ಸರಿದು ನೆಲದ ಮೇಲೆ ಕೂತೆವು. ಜಿಂಕೆಗೆ ಹೆದರಿಕೆಯೇ ಒಂದು ಕಾಯಿಲೆ, ಹಿಡಿದ ಗಾಬರಿಗೇ ಸತ್ತುಹೋಗುತ್ತೆ. ವೈದ್ಯರು ಬಂದು ಅರಿವಳಿಕೆ ಕೊಟ್ಟು ಹೊತ್ತುಕೊಂಡು ಹೋದ್ರು.

ಬದುಕಿತಾ ಅಂತ ಕೇಳ್ತೀರಿ. ಇಲ್ಲ. ಎರಡನೇ ದಿನ ಹೋಯ್ತು. ಆದರೆ ಪೊದೆಯಲ್ಲಿ ಇರುವೆ ಮುತ್ತಿಸಿಕೊಂಡು ಐದು ದಿನ ನರಳಿ ಹೋಗಲಿಲ್ಲ.

ಜಿಂಕೆ ಕಳಿಸಿದ ಮೇಲೆ ಸಿಬ್ಬಂದಿ ಕೇಳಿದ್ರು, "ಉರುಳು ಎಲ್ಲಿ ಹಾಕಿರಬಹುದು?" ಇನ್ನೂ ಉರುಳು ಇದ್ರೆ ರಾತ್ರಿಗೆ ಇನ್ನೊಂದು ಬೀಳುತ್ತೆ, ನಮ್ಮ ಕುರಿಯೇ ಬೀಳಬಹುದು. ಕೆಂಚನನ್ನ ಮತ್ತೆ ನಮ್ಮ ಬದುವಿಗೆ ತಂದು, ರಕ್ತ ಇದ್ದ ಜಾಗದಿಂದ ಹಿಂದಕ್ಕೆ ತಿರುಗಿಸಿ "ಹುಡುಕು" ಅಂದೆ. ಬಂದ ದಾರಿಯನ್ನ ಹಿಂದಕ್ಕೆ ಬಿಡಿಸೋದು ಕಷ್ಟದ ಕೆಲಸ. ಅವನು ಮಾಡಿದ. ಮೂರು ಹೊಲ ದಾಟಿ ಒಂದು ಬೇಲಿ ಮುಂದೆ ಹೋಗಿ ಕೂತ. ಬೇಲಿಯ ಸಂದಿಯಲ್ಲಿ ಒಂದು ಉರುಳು ಕಿತ್ತುಹೋಗಿತ್ತು, ಇನ್ನೂ ಆರು ಹಾಗೇ ಬಾಯಿ ತೆರೆದುಕೊಂಡಿದ್ದವು.

ಆ ಹೊಲದವನು ನನ್ನ ಜೊತೆ ಎಸ್ಸೆಸ್ಸೆಲ್ಸಿವರೆಗೆ ಒಂದೇ ಬೆಂಚಲ್ಲಿ ಕೂತವನು. ಸಿಬ್ಬಂದಿ ಮಹಜರು ಬರೆದ್ರು. ಕೇಸು ನಡೀತಿದೆ. ಅವತ್ತಿಂದ ಅವನು ನನ್ನ ಜೊತೆ ಮಾತಾಡಿಲ್ಲ. ಸಂಕ್ರಾಂತಿಗೆ ಅವರ ಮನೆಯಿಂದ ಎಳ್ಳು ಬರಲಿಲ್ಲ, ನಾವು ಕಳಿಸಿದ್ದು ಬಾಗಿಲಿಂದ ವಾಪಸ್ ಬಂತು. ಅವನ ಹೆಸರು ಬರೆಯೋದಿಲ್ಲ. ಇದನ್ನ ಓದೋರಲ್ಲಿ ಅವನೂ ಇದ್ದಾನೆ.

ಅವನಿಗೇ ಹೇಳ್ತಿದ್ದೀನಿ ಅಂತ ತಿಳ್ಕೊಳ್ಳಿ. ನಿನ್ನ ಗೆಣಸಿನ ತಾಕನ್ನ ಕಾಡುಹಂದಿ ಎರಡೇ ರಾತ್ರಿಯಲ್ಲಿ ಉತ್ತುಹಾಕಿದ್ದು ನಾನು ನೋಡಿದ್ದೀನಿ. ಸಾಲ ತಂದು ಬಳ್ಳಿ ನೆಟ್ಟಿದ್ದೂ ಗೊತ್ತು. ನಿನಗೆ ಜಿಂಕೆ ಕೊಲ್ಲೋ ಮನಸ್ಸು ಇರಲಿಲ್ಲ ಅಂತ ನಾನು ಎಲ್ಲಿ ಬೇಕಾದ್ರೂ ಹೇಳ್ತೀನಿ. ಆದರೆ ವೈರಿಗೆ ನಿನ್ನ ಮನಸ್ಸು ಗೊತ್ತಿಲ್ಲ. ಹಂದಿ, ಜಿಂಕೆ, ನಿನ್ನ ಹಸುವಿನ ಕರು, ನನ್ನ ಕುರಿ, ಯಾರು ಕಾಲಿಟ್ಟರೂ ಬಿಗಿಯುತ್ತೆ. ಚಿರತೆ ಬಿದ್ದಿದ್ರೆ ಬೆಳಿಗ್ಗೆ ನೀರು ಬಿಡೋಕೆ ಹೋಗೋ ನಿನ್ನ ಮಗನ ಗತಿ ಏನು? ಬೆಳೆ ನಷ್ಟಕ್ಕೆ ಇ-ಪರಿಹಾರದಲ್ಲಿ ಅರ್ಜಿ ಹಾಕಬಹುದು. ಸಿಗೋ ದುಡ್ಡು ಸಾಲದು, ಬರೋದು ನಿಧಾನ, ಒಪ್ಪುತ್ತೀನಿ. ಬಾ, ಐದಾರು ಜನ ಸೇರಿ ಸೋಲಾರ್ ಬೇಲಿಗೆ ಕೇಳೋಣ, ಸರದಿ ಮೇಲೆ ರಾತ್ರಿ ಕಾಯೋಣ. ನನ್ನ ಸರದಿ ಜೊತೆಗೆ ನಿನ್ನ ಸರದಿಯಲ್ಲೂ ನಾನು ಬರ್ತೀನಿ.

ನಾಯಿಗೆ ಬಂದ ಬೆಲೆ

ಈ ಸುದ್ದಿ ಹರಡಿ ಒಂದು ತಿಂಗಳಿಗೆ ಜೀಪಲ್ಲಿ ಇಬ್ಬರು ಬಂದ್ರು. ಫಾರಂ ಹೌಸ್ ಇದೆ, ನಾಯಿ ಬೇಕು, ನಲವತ್ತು ಸಾವಿರ ಕೊಡ್ತೀವಿ ಅಂದ್ರು. ಆ ವಾರ ಸೊಸೈಟಿ ಸಾಲದ ಕಂತು ಕಟ್ಟೋದಿತ್ತು. ಕೊಡೋದಕ್ಕೆ ಮುಂಚೆ ಅವರು ಕೇಳಿದ ಪ್ರಶ್ನೆ ಕೇಳಿ: ರಾತ್ರಿ ಜಾಡು ಹಿಡಿಯುತ್ತಾ? ಬೊಗಳದೆ ಹೋಗುತ್ತಾ? ಹಗ್ಗ ಬಿಚ್ಚಿದ್ರೆ ಹಿಡಿದು ನಿಲ್ಲಿಸುತ್ತಾ? ಫಾರಂ ಹೌಸ್ ಕಾಯೋ ನಾಯಿ ಬೊಗಳಬೇಕು ಸ್ವಾಮಿ, ನಿಮಗೆ ಬೊಗಳದ ನಾಯಿ ಯಾಕೆ ಅಂದೆ. ಉತ್ತರ ಬರಲಿಲ್ಲ. ಚಹಾ ಕುಡಿಸಿ ಕಳಿಸಿದೆ. ಕಂತನ್ನ ಎರಡು ಟಗರು ಮಾರಿ ಕಟ್ಟಿದೆ.

ಇದನ್ನ ಬರೆದದ್ದು ಯಾಕಂದ್ರೆ, ನಿಮ್ಮ ನಾಯಿ ಈ ವಿದ್ಯೆ ಕಲಿತ ದಿನ ನಿಮ್ಮ ಮನೆಗೂ ಜೀಪು ಬರುತ್ತೆ. ಒಂದೇ ವಿದ್ಯೆ ಎರಡೂ ಕೆಲಸಕ್ಕೆ ಆಗುತ್ತೆ. ಹಗ್ಗ ಯಾರ ಕೈಲಿದೆ ಅನ್ನೋದೇ ವಿಷಯ.

ನಮ್ಮ ನಾಡಲ್ಲಿ ನಾಯಿಗೆ ಇರೋ ಗೌರವ ಇವತ್ತಿಂದಲ್ಲ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕಿದ ಕಲ್ಲು ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ಮ್ಯೂಸಿಯಂನಲ್ಲಿದೆ. ಮಕ್ಕಳನ್ನ ಕರ್ಕೊಂಡು ಹೋಗಿ ತೋರಿಸಿ. ಕ್ರಿ.ಶ. 949-50ರ ಹೊತ್ತಿಂದು. ತಕ್ಕೋಲದ ಯುದ್ಧ ಮುಗಿದ ಮೇಲೆ ಮಣಲೇರ ಅನ್ನೋ ವೀರನಿಗೆ ಏನು ಬೇಕು ಕೇಳು ಅಂದಾಗ, ಅವನು ಕೇಳಿದ್ದು ಕಾಳಿ ಅನ್ನೋ ನಾಯಿಯನ್ನ. ಆ ಕಾಳಿ ದೊಡ್ಡ ಹಂದಿ ಜೊತೆ ಕಾದಾಡಿ, ಹಂದಿಯೂ ಸತ್ತು ತಾನೂ ಸತ್ತಳು. ಅವಳ ಹೆಸರಲ್ಲಿ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟು, ಆ ಕಲ್ಲಿಗೆ ಪೂಜೆ ಮಾಡದೆ ಅಲ್ಲಿನ ಗೊರವ ಊಟ ಮಾಡಬಾರದು ಅಂತ ಬರೆಸಿದ್ರು. ಕಲ್ಲಿನ ಮೇಲೆ ನಾಯಿ-ಹಂದಿ ಕಾಳಗ ಕೆತ್ತಿದ್ದಾರೆ. ಸಾವಿರ ವರ್ಷ ಆದ ಮೇಲೆ ಹಂದಿ ಇನ್ನೂ ನಮ್ಮ ಹೊಲದಲ್ಲಿದೆ, ನಾಯಿ ನಮ್ಮ ಬಾಗಿಲಲ್ಲಿದೆ. ಅದಕ್ಕೆ ಕೊಡೋ ಕೆಲಸ ಮಾತ್ರ ಬದಲಾಗಬೇಕು.

ಬದಲಾಗಿರೋದಕ್ಕೆ ಉದಾಹರಣೆ ಬಂಡೀಪುರದಲ್ಲಿದೆ. ರಾಣಾ ಅಂತ ಜರ್ಮನ್ ಶೆಫರ್ಡ್, ಅರಣ್ಯ ಇಲಾಖೆಯ ನಾಯಿ ಇತ್ತು. ಟ್ರಾಫಿಕ್ ಅನ್ನೋ ಸಂಸ್ಥೆಯ ಯೋಜನೆಯಲ್ಲಿ ಭೋಪಾಲದಲ್ಲಿ ತರಬೇತಿ ಪಡೆದದ್ದು. ಕಳ್ಳಬೇಟೆಯವರ ಜಾಡು ಹಿಡಿಯೋದು ಅದರ ಕೆಲಸ ಆಗಿತ್ತು. 2019ರ ಅಕ್ಟೋಬರ್‌ನಲ್ಲಿ ಗುಂಡ್ಲುಪೇಟೆ ತಾಲ್ಲೂಕಿನ ಚೌಡಹಳ್ಳಿ ಸುತ್ತ ಇಬ್ಬರು ರೈತರನ್ನ ಕೊಂದ ಹುಲಿಯನ್ನ ಹುಡುಕುವಾಗ ರಾಣಾನ ಮೂಗನ್ನೂ ಬಳಸಿದ್ರು. ಹುಲಿಯನ್ನ ಕೊಲ್ಲದೆ, ಅರಿವಳಿಕೆ ಕೊಟ್ಟು ಜೀವಂತ ಹಿಡಿದ್ರು. ಹಿಂದೆ ಬೇಟೆಗಾರನ ಜೊತೆ ಹೋಗ್ತಿದ್ದ ನಾಯಿ ಈಗ ಬೇಟೆಗಾರನ ಹಿಂದೆ ಹೋಗ್ತಿದೆ.

ಕೊನೆಗೆ, ನೆನಪಿಡಬೇಕಾದ್ದು

ಗಾಯಗೊಂಡ ಕಾಡುಪ್ರಾಣಿ ಕಂಡ್ರೆ ಮೊದಲು ಅರಣ್ಯ ಇಲಾಖೆಯ 1926ಕ್ಕೆ ಫೋನ್ ಮಾಡಿ. ಕೆಂಗೇರಿ ಕಡೆ ಪೀಪಲ್ ಫಾರ್ ಅನಿಮಲ್ಸ್‌ನವರ ವನ್ಯಜೀವಿ ಆಸ್ಪತ್ರೆ ಇದೆ. ಹಕ್ಕಿ, ಕೋತಿ, ಹಾವು ಏನಾದ್ರೂ ನೋಡ್ತಾರೆ. ಇಲಾಖೆಯವರು ಜೊತೆಗಿಲ್ಲದೆ ಕಾಡುಪ್ರಾಣಿ ಹಿಂದೆ ನಾಯಿ ಕರ್ಕೊಂಡು ಹೋಗಬೇಡಿ. ನಿಮ್ಮ ಉದ್ದೇಶ ಒಳ್ಳೆಯದೇ ಇರಬಹುದು, ನೋಡಿದವರಿಗೆ ಅದು ಬೇಟೆ. ಹಗ್ಗ ಬಿಚ್ಚಬೇಡಿ. ಇನ್ನು ಬದುಕೋದಿಲ್ಲ, ಸಂಕಟ ನೋಡೋಕಾಗಲ್ಲ ಅಂತ ನಾವೇ ತೀರ್ಮಾನ ಮಾಡಿ ಮುಗಿಸೋ ಹಾಗಿಲ್ಲ. ಆ ತೀರ್ಮಾನ ಮುಖ್ಯ ವನ್ಯಜೀವಿ ಪರಿಪಾಲಕರದ್ದು, ಇಲ್ಲಾ ಅವರು ಅಧಿಕಾರ ಕೊಟ್ಟವರದ್ದು.

ಚಿರತೆ ಅಥವಾ ಹಂದಿಗೆ ಗಾಯ ಆಗಿದ್ರೆ ನಾಯಿಯ ಮಾತೇ ಬೇಡ. ಕೆನೆತ್ ಆಂಡರ್‌ಸನ್ ಬರೆದ ಶಿವನಿಪಲ್ಲಿಯ ಕರಿಚಿರತೆ ಕತೆಯಲ್ಲಿ ಒಂದು ಹಳ್ಳಿ ನಾಯಿ ಗುಂಡೇಟು ತಿಂದ ಚಿರತೆಯ ಜಾಡು ಹಿಡಿಯುತ್ತೆ. ತೇಜಸ್ವಿಯವರು ಕನ್ನಡಕ್ಕೆ ತಂದ 'ಮುನಿಶಾಮಿ ಮತ್ತು ಮಾಗಡಿ ಚಿರತೆ' ಓದಿದೋರಿಗೆ ಆ ಆಂಡರ್‌ಸನ್ ಹೊಸಬನಲ್ಲ. ಕತೆ ಓದೋಕೆ ಚೆನ್ನಾಗಿದೆ. ಅವನ ಕೈಯಲ್ಲಿ ರೈಫಲ್ ಇತ್ತ, ನಮ್ಮ ಕೈಯಲ್ಲಿ ಕುಡುಗೋಲು.

ಕುರಿ, ಮೇಕೆ, ಕರು ಕಳೆದುಹೋದ್ರೆ ಯಾರ ಅಪ್ಪಣೆಯೂ ಬೇಕಿಲ್ಲ, ನಾಯಿ ಕರ್ಕೊಂಡು ಹೋಗಿ. ಒಂದು ಕೆಲಸ ಮಾತ್ರ ಮಾಡಿ: ಕಳೆದ ಜಾಗವನ್ನ ಹತ್ತು ಜನ ತುಳಿಯೋಕೆ ಬಿಡಬೇಡಿ. ಕೊನೆಯ ಹೆಜ್ಜೆ ಗುರುತಿನ ಮೇಲೆ ಒಂದು ಬುಟ್ಟಿ ಮಗುಚಿ ಹಾಕಿ ಬನ್ನಿ.

ಪ್ರತಿ ಊರಿಗೆ ಇಂಥ ಒಂದು ನಾಯಿ, ಹಗ್ಗ ಹಿಡಿಯೋಕೆ ಒಬ್ಬ ತಾಳ್ಮೆಯ ಮನುಷ್ಯ ಇದ್ರೆ ಸಾಕು. ಮರಿ ಇರೋರು ಭಾನುವಾರ ಬೆಳಿಗ್ಗೆ ಆರೂವರೆಗೆ ನಮ್ಮ ಹೊಲದ ಹತ್ತಿರ ಬನ್ನಿ, ಇಬ್ಬನಿ ಆರೋದರೊಳಗೆ ಒಂದು ಜಾಡು ಹಾಕಿ ತೋರಿಸ್ತೀನಿ. ಬರುವಾಗ ಮರಿಗೆ ಏನೂ ತಿನ್ನಿಸಬೇಡಿ. ಒಂದು ಜೊತೆ ಕುರಿ ಕಾಲು ನೀವೇ ತನ್ನಿ, ಮಟನ್ ಅಂಗಡಿಯವನು ನನಗೆ ಈಗೀಗ ಬಿಟ್ಟಿ ಕೊಡ್ತಿಲ್ಲ.